ಎರಡು ಮನೆಗಳ ನಡುವೆ

ಕಲ್ಲೂರಿನಲ್ಲಿ ಪೇಟಿ ಮಾಸ್ತರರೆಂದರೆ ಮತ್ತೊಂದು ಗುರುತು ಹೇಳಬೇಕಾದ ಅವಶ್ಯಕತೆಯಿಲ್ಲ. ಮೂವತ್ತು ವರ್ಷಗಳ ಕಾಲ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು ನಿವೃತ್ತರಾದವರು ಅವರು. ಆದರೂ ಊರಿನ ನೆನಪಿನಲ್ಲಿ ಮಗ್ಗಿಗಿಂತ ಪೇಟಿಯೇ ಹೆಚ್ಚು ಬಾಳಿತು. ಪೇಟಿಯೆಂದರೆ ಹಾರ್ಮೋನಿಯಂ ಎಂದು ರಾಯಚೂರು ಸೀಮೆಯವರಿಗೆ ಬಿಡಿಸಿ ಹೇಳುವುದು ಬೇಡ. ದಕ್ಷಿಣದ ಕಡೆಯ ವಾಚಕರಿಗಾಗಿ ಮಾತ್ರ ಈ ಮಾತು. ಮಾಸ್ತರರಿಗೆ ಈಗ ಎಂಬತ್ತನಾಲ್ಕು. ಕಿವಿ ಚುರುಕಾಗಿದೆ, ಬೆರಳುಗಳು ಮಾತ್ರ ಬೆಳಗಿನ ಬಿಸಿಲು ಕಾಯಿಸಿಕೊಂಡ ಮೇಲೆಯೇ ಮಾತು ಕೇಳುತ್ತವೆ.

ಅವರ ಪತ್ನಿ 2011ರಲ್ಲಿ ತೀರಿಕೊಂಡರು. ಆಕೆಗೆ ಒಂದು ರಾಗದ ಹೆಸರೂ ತಿಳಿಯದು. ತಾಯಿಯ ಬಾಯಿಂದ ಕೇಳಿ ಕಲಿತ ದಾಸರ ಪದಗಳು ಮಾತ್ರ ನೂರಕ್ಕೆ ಮಿಕ್ಕಿ ಬರುತ್ತಿದ್ದವು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಎಲ್ಲವೂ ಇದೇ ಜಿಲ್ಲೆಯವು. ಹದಿನೆಂಟನೆಯ ಶತಮಾನದಲ್ಲಿ ಈ ಕರಿಯ ನೆಲದಲ್ಲಿ ಹುಟ್ಟಿದ ಪದಗಳು ಓಲೆಯಲ್ಲಿ, ಕಾಗದದಲ್ಲಿ ಉಳಿದವು. ಅವುಗಳ ಮಟ್ಟನ್ನು ಬರೆದಿಟ್ಟವರು ಯಾರೂ ಇಲ್ಲ. ಸಾಹಿತ್ಯಕ್ಕೆ ಕಾಗದವಿದ್ದಿತು, ಮಟ್ಟಿಗೆ ಹೆಂಗಸರ ಕಂಠವೊಂದೇ ಗತಿ. ಮುಂದೆ ಕಚೇರಿಯ ವಿದ್ವಾಂಸರು ತಮಗೆ ಒಪ್ಪುವ ರಾಗಗಳಲ್ಲಿ ಈ ಪದಗಳನ್ನು ಕೂಡಿಸಿ ಹಾಡಿದರು, ಸೊಗಸಾಗಿಯೇ ಹಾಡಿದರು. ಆದರೆ ಬೀಸುವಾಗಲೂ ರಂಗೋಲಿ ಹಾಕುವಾಗಲೂ ನಡುಮನೆಯಲ್ಲಿ ಕೇಳಿಬರುತ್ತಿದ್ದ ಹಳೆಯ ಮಟ್ಟುಗಳು ಒಬ್ಬೊಬ್ಬ ಮುದುಕಿಯ ಜೊತೆಗೆ ಒಂದೊಂದಾಗಿ ಹೋಗುತ್ತಲೇ ಇವೆ.

ಈ ಮನೆಯ ಮಟ್ಟುಗಳಲ್ಲಿ ಹನ್ನೊಂದು ಉಳಿದದ್ದು ಒಂದು ಕ್ಯಾಸೆಟ್ಟಿನಿಂದ. 1987ರ ಬೇಸಗೆಯಲ್ಲಿ ಹೈದರಾಬಾದಿನಿಂದ ಬಂದ ನೆಂಟರೊಬ್ಬರು ತಮ್ಮ ಟೇಪ್‌ರೆಕಾರ್ಡರನ್ನು ಮಣೆಯ ಮೇಲಿಟ್ಟು ಗುಂಡಿ ಒತ್ತಿದರು. ಆಕೆ ಹಾಡಿದರು, ಮಾಸ್ತರರು ಪೇಟಿ ಬಾರಿಸಿದರು. ಮೇಲೆ ಪಂಖಾ ತಿರುಗುತ್ತಿದ್ದಿತು. ಐದನೆಯ ಪದದ ನಡುವೆ ಹಾಲಿನವನು ಬಂದು ಕೂಗಿದ್ದೂ ಅದರಲ್ಲಿ ದಾಖಲಾಗಿದೆ.

ಮಾಸ್ತರರ ಮೊಮ್ಮಗ ರಾಯಚೂರಿನಲ್ಲಿ ಒಂದು ಕೋಣೆ ಹಿಡಿದು ಧ್ವನಿಮುದ್ರಣದ ಉದ್ಯೋಗ ನಡೆಸುತ್ತಾನೆ. ಗೋಡೆಗೆಲ್ಲ ಸ್ಪಂಜು, ಮೇಜಿನ ಮೇಲೆ ಗಣಕಯಂತ್ರ, ಬಾಗಿಲಿಗೆ ದಪ್ಪ ರಗ್ಗು. ಜಾತ್ರೆಯ ಹಾಡು, ಲಗ್ನದ ಹಾಡು, ಅಂಗಡಿಯ ಜಾಹೀರಾತು ಇವೇ ಅವನ ಬೆಳೆ. 2023ರ ಮೇ ತಿಂಗಳ ವಿಧಾನಸಭೆಯ ಚುನಾವಣೆ ಅವನಿಗೆ ಒಳ್ಳೆಯ ಮಳೆಗಾಲ. ಒಂದೇ ಮಟ್ಟಿಗೆ ಮೂವರು ಅಭ್ಯರ್ಥಿಗಳ ಹೆಸರು ಕೂಡಿಸಿ ಕೊಟ್ಟನೆಂದೂ ಮೂವರಿಗೂ ಅದು ತಿಳಿಯಲಿಲ್ಲವೆಂದೂ ಮನೆಯಲ್ಲಿ ನಗೆಯಾಗುತ್ತಿತ್ತು. ಮಾಸ್ತರರು ಮಾತ್ರ ನಗಲಿಲ್ಲ.

ಕಲ್ಲೂರಿನ ಮಹಾಲಕ್ಷ್ಮಿಯ ಗುಡಿ ಆ ಸುತ್ತಿನಲ್ಲಿ ಹೆಸರಾದದ್ದು. ನವರಾತ್ರಿ ಹತ್ತಿರ ಬಂದಾಗ ಅಲ್ಲಿ ಭಜನೆ ಮಾಡುವ ಹೆಣ್ಣುಮಕ್ಕಳು ಮೊಮ್ಮಗನಲ್ಲಿ ಒಂದು ಬೇಡಿಕೆ ಇಟ್ಟರು: ಅಜ್ಜಿಯ ಗೋಪಾಲದಾಸರ ಪದವನ್ನು ಮೊಬೈಲಿನಲ್ಲಿ ಹಾಕಿಕೊಂಡು ಕಲಿಯುವ ಹಾಗೆ ಚೊಕ್ಕವಾಗಿ ಮಾಡಿಕೊಡಬೇಕು. ಹಳೆಯ ಕ್ಯಾಸೆಟ್ಟಿನಲ್ಲಿ ಗುರ್ ಎನ್ನುವ ಸದ್ದೇ ಹೆಚ್ಚು, ಮಾತು ಬಿಡಿಸುವುದಿಲ್ಲ. ಬೇಡಿಕೆ ಚಿಕ್ಕದೆಂದು ಕಂಡಿತು. ಆದರೆ ಯೋಚಿಸಿ ನೋಡಿದರೆ ಅದರ ತೂಕ ಅಷ್ಟು ಹಗುರವಾಗಿರಲಿಲ್ಲ. ಹಾಡಿ ತೋರಿಸುವ ಹಿರಿಯರು ಇಲ್ಲವಾದ ಮೇಲೆ ಆ ಮೊಬೈಲಿನಲ್ಲಿ ಏನಿರುತ್ತದೆಯೋ ಅದೇ ಮುಂದಿನ ತಲೆಮಾರಿಗೆ ಅಜ್ಜಿಯ ಮಟ್ಟು. ಅವನು ತಪ್ಪಿದರೆ ತಿದ್ದುವವರು ಯಾರು?

ಅವನು ಬಳಸುವುದು ಎಫ್.ಎಲ್. ಸ್ಟುಡಿಯೊ ಎಂಬ ತಂತ್ರಾಂಶ. ಬೆಲ್ಜಿಯಂ ದೇಶದ ಇಮೇಜ್-ಲೈನ್ ಕಂಪನಿಯವರು 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹಣ್ಣಿನಂಗಡಿಯ ಹೆಸರಿಟ್ಟು ಹೊರತಂದ ಚಿಕ್ಕ ಆಟಿಕೆ ಇಂದು ಈ ಬಗೆಯ ಕೋಣೆಗಳಲ್ಲೆಲ್ಲ ನೆಲೆಸಿದೆ. ಒಮ್ಮೆ ಕೊಂಡವರಿಗೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಆದ್ದರಿಂದ ಹೊಸ ಆವೃತ್ತಿಯ ಸುದ್ದಿಯನ್ನು ಈ ಹುಡುಗರು ಸೀಗೀಹುಣ್ಣಿವೆಯ ಚರಗದಂತೆ ಎದುರು ನೋಡುತ್ತಾರೆ.

ಇಂಥ ಯಂತ್ರಕ್ಕೆ ಸೀಕ್ವೆನ್ಸರ್ ಎಂದು ಹೆಸರು. ಅದು ನಾದವನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಅಪ್ಪಣೆಗಳನ್ನು ಸಾಲಾಗಿ ಬರೆದಿಡುತ್ತದೆ: ಈ ಕ್ಷಣದಲ್ಲಿ ಈ ಮನೆಯನ್ನು ಇಷ್ಟು ಒತ್ತು, ಇಂಥ ಕ್ಷಣದಲ್ಲಿ ಬಿಡು. ಪರದೆಯ ಎಡಕ್ಕೆ ಪಿಯಾನೋದ ಬಿಳಿ-ಕರಿ ಮನೆಗಳು ಏಣಿಯಂತೆ ನಿಂತಿರುತ್ತವೆ. ಬಲಕ್ಕೆ ಚೌಕುಳಿ ಕಾಗದ. ಸ್ವರಕ್ಕೊಂದು ಕಡ್ಡಿ. ಕಡ್ಡಿಯನ್ನು ಯಾವ ಚೌಕದಲ್ಲಿ ಇಟ್ಟರೆ ಆ ಸ್ವರ ಆ ಕಾಲಕ್ಕೆ ನುಡಿಯುತ್ತದೆ. ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುತ್ತಿದ್ದ ಹಿಂದಿನ ಕಾಲದ ಪಿಯಾನೋ ಒಂದಿತ್ತು. ಆ ಸುರುಳಿಯ ನೆನಪಿಗಾಗಿ ಈ ಪರದೆಗೆ ಇಂದಿಗೂ ಪಿಯಾನೋ ರೋಲ್ ಎಂದೇ ಹೆಸರು. ವಾದ್ಯಕ್ಕೂ ಯಂತ್ರಕ್ಕೂ ನಡುವೆ ಈ ಅಪ್ಪಣೆಗಳನ್ನು ಸಾಗಿಸುವ ಭಾಷೆ ಮಿಡಿ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರದರ್ಶನದಲ್ಲಿ ಬೇರೆ ಬೇರೆ ಕಂಪನಿಗಳ ಎರಡು ವಾದ್ಯಗಳನ್ನು ತಂತಿಯಿಂದ ಕೂಡಿಸಿ, ಒಂದನ್ನು ಬಾರಿಸಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದರು. ಆ ಭಾಷೆಗೆ 128 ಮನೆಗಳು ಗೊತ್ತು. ಒಂದು ಮನೆಗೂ ಮುಂದಿನ ಮನೆಗೂ ನಡುವೆ ಏನಾದರೂ ಇರಬಹುದೆಂಬ ಸಂಗತಿ ಅದಕ್ಕೆ ಬಾಗಿಸುವ ಚಕ್ರದ ಮೂಲಕ, ಹಿಂಬಾಗಿಲಿನಿಂದ ಮಾತ್ರ ತಿಳಿಯುತ್ತದೆ.

ಮೊಮ್ಮಗ ಮೊದಲು ಸುಲಭದ ದಾರಿ ಹಿಡಿದನು. ಕ್ಯಾಸೆಟ್ಟನ್ನು ಕೇಳಿ, ಅಜ್ಜಿಯ ಪದವನ್ನು ಕಡ್ಡಿಕಡ್ಡಿಯಾಗಿ ಚೌಕುಳಿಯಲ್ಲಿ ಇಟ್ಟನು. ಕೊಳಲಿನ ದನಿ, ತಬಲಾದ ಠೇಕಾ, ಹಿಂದೆ ತಂಬೂರಿ ಎಲ್ಲ ಕೂಡಿಸಿದನು. ಕೊನೆಗೆ ಕ್ವಾಂಟೈಸ್ ಎಂಬ ಗುಂಡಿಯನ್ನು ಒತ್ತಿದನು. ಆ ಗುಂಡಿ, ಹಿಂದೆ ಮುಂದೆ ಆದ ಸ್ವರಗಳನ್ನು ಕಿವಿ ಹಿಡಿದು ಗೆರೆಗೆ ತಂದು ನಿಲ್ಲಿಸುತ್ತದೆ. ಭಾನುವಾರ ಕಲ್ಲೂರಿಗೆ ಬಂದು ಅಜ್ಜನ ಮುಂದೆ ಬಾರಿಸಿದನು.

ಮಾಸ್ತರರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಛಲೋ ಅದ,” ಎಂದರು. “ಯಾರ ಹಾಡು ಇದು?”

ಮೊಮ್ಮಗನಿಗೆ ಮುಖ ಸಣ್ಣದಾಯಿತು. ಆಕೆ ಎರಡನೆಯ ನುಡಿಯ ಕೊನೆಗೆ ಉಸಿರು ತೆಗೆದುಕೊಳ್ಳಲು ಅರ್ಧ ಮಾತ್ರೆ ನಿಲ್ಲುತ್ತಿದ್ದರು; ಮುಂದಿನ ಸಾಲಿನಲ್ಲಿ ಅದನ್ನು ಸಾಲ ತೀರಿಸಿದ ಹಾಗೆ ಬೇಗ ಬಂದು ಕೂಡಿಸಿಕೊಳ್ಳುತ್ತಿದ್ದರು. ಯಂತ್ರ ಒಂದು ಎಣಿಕೆಯನ್ನು ತೊಂಬತ್ತಾರು ಭಾಗ ಮಾಡಬಲ್ಲದು. ಆದರೂ ಆ ಅರ್ಧ ಮಾತ್ರೆ ಅದರ ಲೆಕ್ಕದಲ್ಲಿ ತಪ್ಪು. ಆಕೆಯ ಲೆಕ್ಕದಲ್ಲಿ ಅದು ಉಸಿರು.

ಇದೇ ಹೊತ್ತಿಗೆ ಬರಲಿದ್ದ ಆವೃತ್ತಿಯ ಸುದ್ದಿ ಬಂದಿತು. 2023ರ ಕೊನೆಯ ತಿಂಗಳುಗಳ ಮಾತು. ಆವೃತ್ತಿಯ ಸಂಖ್ಯೆ 21.2. ಹೊಸ ಸೌಲಭ್ಯಗಳು ಹಲವು: ದೂರದ ಭಂಡಾರದಿಂದ ನಾದದ ತುಣುಕುಗಳನ್ನು ಇಳಿಸಿಕೊಳ್ಳಬಹುದು, ಹಾಡಿಗೆ ಕೊನೆಯ ಹೊಳಪನ್ನು ಯಂತ್ರವೇ ಕೊಡುತ್ತದೆ, ಇತ್ಯಾದಿ. ಮೊಮ್ಮಗನ ಕಣ್ಣು ನಿಂತದ್ದು ಒಂದರ ಮೇಲೆ. ಕೂಡಿಹೋದ ಹಾಡನ್ನು ನಾಲ್ಕು ಎಳೆಗಳಾಗಿ ಬಿಡಿಸುವ ಸೌಲಭ್ಯ ಅದು: ಕಂಠ ಒಂದು, ತಾಳವಾದ್ಯ ಒಂದು, ಮಂದ್ರದ ಬೇಸ್ ಒಂದು, ಮಿಕ್ಕ ವಾದ್ಯಗಳೆಲ್ಲ ಒಂದು. ಕೂಡಿಸುವುದೇ ಕಸುಬಾದ ಯಂತ್ರಕ್ಕೆ ಈಗ ಬಿಡಿಸುವ ವಿದ್ಯೆಯೂ ಬಂದಿತು. ಹಾಲು-ನೀರನ್ನು ಬೇರ್ಪಡಿಸುವ ಹಂಸವನ್ನು ಪುರಾಣದಲ್ಲಿ ಮಾತ್ರ ಕೇಳಿದ್ದೆವು. ಎಳೆಗಳು ಬೇರೆಬೇರೆಯಾಗಿಯೇ ದೊರೆಯುವ ಹಾಡುಗಳನ್ನು ರಾಶಿರಾಶಿಯಾಗಿ ಗಣಕಯಂತ್ರಕ್ಕೆ ಕೇಳಿಸಿ, ಕಂಠ ಹೇಗಿರುತ್ತದೆ, ತಂತಿ ಹೇಗಿರುತ್ತದೆ ಎಂದು ರೂಢಿ ಮಾಡಿಸುತ್ತಾರೆ. ಮುಂದೆ ಯಾವ ಹಾಡು ಕೊಟ್ಟರೂ ಅದು ಪ್ರತಿ ಕ್ಷಣದ ನಾದದಲ್ಲಿ ಇಷ್ಟು ಪಾಲು ಕಂಠದ್ದು, ಇಷ್ಟು ವಾದ್ಯದ್ದು ಎಂದು ಅಂದಾಜು ಮಾಡುತ್ತದೆ. ಅಂದಾಜು ಎಂಬ ಮಾತನ್ನು ಮರೆಯಬಾರದು. ಮರುವರ್ಷದ ಮೇ ತಿಂಗಳಲ್ಲಿ ಆಪಲ್ ಕಂಪನಿಯ ಲಾಜಿಕ್ ಪ್ರೊ 11 ಕೂಡ ಇದೇ ವಿದ್ಯೆಯನ್ನು ಹೊತ್ತು ಬಂದಿತು.

ಮೊಮ್ಮಗ ಸಂಭ್ರಮದಿಂದ ಕಲ್ಲೂರಿಗೆ ಬಂದು ಹೇಳಿದನು: “ಅಜ್ಜಾ, ಮುಂದಿನ ಆವೃತ್ತಿ ಬರಲಿ ನೋಡ್ರಿ. ಪಂಖಾ, ಪೇಟಿ ಎಲ್ಲಾ ತಗದು ಅಜ್ಜೀ ದನಿ ಒಂದೇ ಇಡ್ತೀನಿ.”

ಮಾಸ್ತರರು ಅಡಕೊತ್ತನ್ನು ಕೆಳಗಿಟ್ಟರು.

“ಪಂಖಾ ತಗಿ. ಹಾಲಿನವನ್ನ ತಗಿ. ಪೇಟಿ ಏನು ಮಾಡಿತ್ತೋ ನಿನಗ?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನಲವತ್ತೈದು ವರ್ಷ ಒಬ್ಬರ ದನಿಯ ಪಕ್ಕದಲ್ಲಿ ಕುಳಿತವರನ್ನು ಪಂಖಾದ ಸಾಲಿನಲ್ಲಿ ಸೇರಿಸಿದ ಮಾತು ಅದು. ಬಾಯಿಂದ ಬಿದ್ದ ಮೇಲೆ ಅವನಿಗೇ ತಿಳಿಯಿತು. ಆ ದಿನ ಊಟದ ಹೊತ್ತಿನಲ್ಲಿ ಅಜ್ಜ ಮೊಮ್ಮಗನ ನಡುವೆ ಮಾತಿರಲಿಲ್ಲ.

ಪೇಟಿಯನ್ನು ಹೊರಗೆ ಹಾಕುವ ಮಾತು ಮಾಸ್ತರರಿಗೆ ಹೊಸದೂ ಆಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ರೂಪ ತಾಳಿ, ನಾಟಕ ಕಂಪನಿಗಳ ಜೊತೆ ಕನ್ನಡನಾಡೆಲ್ಲ ತಿರುಗಿದ ಈ ವಾದ್ಯವನ್ನು 1940ರಲ್ಲಿ ಆಕಾಶವಾಣಿ ತನ್ನ ನಿಲಯಗಳಿಂದ ಹೊರಗಿಟ್ಟಿತು. 1971ರವರೆಗೆ ಒಳಗೆ ಬಿಡಲಿಲ್ಲ. ಆಕ್ಷೇಪಣೆ ಇಷ್ಟೇ: ಅದಕ್ಕೆ ಸಪ್ತಕದಲ್ಲಿ ಹನ್ನೆರಡೇ ಮನೆ, ಮನೆಯಿಂದ ಮನೆಗೆ ಹಾರಬಲ್ಲದು, ಜಾರಲಾರದು. ಮೀಂಡ್ ಇಲ್ಲ, ಗಮಕವಿಲ್ಲ. ಅದರ ಶುದ್ಧ ಗಾಂಧಾರ ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಒಂದಿಷ್ಟು ಏರು. ಒಂದು ಮನೆಯ ಅಂತರವನ್ನು ನೂರು ಎಂದರೆ ಹದಿನಾಲ್ಕರಷ್ಟು ಏರು. ಮಾಸ್ತರರು ತಾರುಣ್ಯದಲ್ಲಿ ಈ ವಾದಗಳನ್ನೆಲ್ಲ ಕೇಳಿದ್ದರು. “ರೇಡಿಯೋದವರು ಬ್ಯಾಡಂದ್ರ ಏನಾತು, ಗುಡಿಯಾಗ ಬ್ಯಾಡಂದಿಲ್ಲಲ್ಲ” ಎಂದು ಬಾರಿಸುತ್ತಲೇ ಬಂದರು. ನಿಜವೇ. ಹಳ್ಳಿಯ ಭಜನೆಗೆ ಸಾರಂಗಿ ಎಲ್ಲಿಂದ ತರುವುದು? ಯಂತ್ರವನ್ನು ಹಳಿಯುವವರು ಅದು ಬಡವರ ಮನೆಗೆ ಶ್ರುತಿಯನ್ನು ತಂದಿತೆಂಬುದನ್ನು ಮರೆಯುತ್ತಾರೆ. 1979ರಲ್ಲಿ ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ವಿದ್ಯುತ್ತಿನಿಂದ ನುಡಿಯುವ ಶ್ರುತಿಪೆಟ್ಟಿಗೆಯನ್ನು ಮಾಡಿದಾಗಲೂ ಮೂಗು ಮುರಿದವರಿದ್ದರು. ಇಂದು ಅಂಥ ಪೆಟ್ಟಿಗೆ ಇಲ್ಲದ ಸಂಗೀತದ ಮನೆ ಅಪರೂಪ.

ಒಂದು ಸಂಗತಿಯನ್ನು ಮಾತ್ರ ಒಪ್ಪಬೇಕು. ಗಣಕಯಂತ್ರದ ಪರದೆಯ ಮೇಲಿನ ಚೌಕುಳಿಯೂ ಮಾಸ್ತರರ ಪೇಟಿಯೂ ಒಂದೇ ವಂಶದವು. ಇಬ್ಬರಿಗೂ ಹನ್ನೆರಡೇ ಮನೆ.

ಹೊಸ ಆವೃತ್ತಿ ಬಂದಿತು. ಮೊಮ್ಮಗ ಒಂದು ರಾತ್ರಿ ರಾಯಚೂರಿನ ಕೋಣೆಯ ಬಾಗಿಲು ಹಾಕಿಕೊಂಡು ಗೋಪಾಲದಾಸರ ಪದವನ್ನು ಯಂತ್ರಕ್ಕೆ ಕೊಟ್ಟನು. ಕೆಲವು ನಿಮಿಷಗಳಲ್ಲಿ ನಾಲ್ಕು ಎಳೆಗಳು ಪರದೆಯ ಮೇಲೆ ಬಂದು ಮಲಗಿದವು. ತಾಳವಾದ್ಯದ ಎಳೆಯಲ್ಲಿ ಪಂಖಾದ ಟಕಟಕ. ವಾದ್ಯಗಳ ಎಳೆಯಲ್ಲಿ ಪೇಟಿ. ಹಾಲಿನವನು ಕಂಠದ ಎಳೆಯಲ್ಲಿಯೇ ಉಳಿದನು, ಪಾಪ, ಅವನದೂ ಮನುಷ್ಯನ ದನಿಯೇ ತಾನೆ. ಕೆಲಸ ಪೂರ್ಣ ಚೊಕ್ಕವಾಗಿರಲಿಲ್ಲ. ಸಕಾರಗಳು ಅಲ್ಲಲ್ಲಿ ಸವೆದಿದ್ದವು; ದೀರ್ಘ ಸ್ವರಗಳ ಬಾಲಕ್ಕೆ ಪೇಟಿಯ ದನಿ ತೆಳುವಾಗಿ ಅಂಟಿಕೊಂಡಿತ್ತು. ಆದರೂ ಹನ್ನೆರಡು ವರ್ಷಗಳ ಮೇಲೆ ಅಜ್ಜಿ ಆ ಕತ್ತಲ ಕೋಣೆಯಲ್ಲಿ ಒಬ್ಬರೇ ಹಾಡಿದರು.

ಅವನು ಕೇಳುತ್ತ ಹೋದಂತೆ ಒಂದು ಸ್ವರದ ಬಳಿ ಕಿವಿ ತಡವರಿಸಿತು. ಪೇಟಿಯ ಜೊತೆಯಲ್ಲಿ ಕೇಳಿದಾಗ ಅದು ಶುದ್ಧ ಗಾಂಧಾರವೆಂದೇ ಎಲ್ಲರೂ ತಿಳಿದಿದ್ದರು; ಅವನೂ ಹಾಗೆಯೇ ಕಡ್ಡಿ ಇಟ್ಟಿದ್ದನು. ಈಗ ಒಂಟಿಯಾಗಿ ಕೇಳಿದರೆ ಅದು ಶುದ್ಧವೂ ಅಲ್ಲ, ಕೋಮಲವೂ ಅಲ್ಲ. ಕಂಠದ ಏರಿಳಿತವನ್ನು ಗೆರೆಯಾಗಿ ತೋರಿಸುವ ನ್ಯೂಟೋನ್ ಎಂಬ ಸಾಧನ ಅದೇ ತಂತ್ರಾಂಶದಲ್ಲಿದೆ. ಅದರಲ್ಲಿ ಹಾಕಿ ನೋಡಿದನು. ಗಾಂಧಾರ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕುಳಿತಿತ್ತು.

ಟೇಪು ಹಳೆಯದು, ಹಿಗ್ಗಿರಬಹುದು; ಯಂತ್ರ ವೇಗವಾಗಿ ಓಡಿರಬಹುದು; ಹಾಗಾದರೆ ಈ ಅಳತೆಯನ್ನು ನಂಬುವುದು ಹೇಗೆ? ಅವನಿಗೆ ಆಗ ತಾನು ಪಕ್ಕಕ್ಕೆ ಸರಿಸಿದ್ದ ಎಳೆಯ ನೆನಪಾಯಿತು. ಟೇಪು ಎಷ್ಟೇ ಹಿಗ್ಗಿದ್ದರೂ ಅದರ ಮೇಲಿನ ಪೇಟಿಯೂ ಅಷ್ಟೇ ಹಿಗ್ಗಿರಬೇಕು. ಅಜ್ಜನ ಎರಡು ಗಾಂಧಾರಗಳ ನಡುವಿನ ಅಂತರವನ್ನು ನೂರು ಎಂದಿಟ್ಟುಕೊಂಡು ಅಜ್ಜಿಯದನ್ನು ಅಳೆದನು. ಏರುವಾಗ ಕೋಮಲದಿಂದ ಮೇಲೆ ಐವತ್ತರ ಆಸುಪಾಸು, ಇಳಿಯುವಾಗ ಮೂವತ್ತು. ಒಮ್ಮೆ ತಪ್ಪಿ ಹಾಡಿದ್ದೆನ್ನಲು ಆಸ್ಪದವಿರಲಿಲ್ಲ. ಐದು ನುಡಿಗಳಲ್ಲಿಯೂ ಅದೇ ಜಾಗ, ಅದೇ ಹೆಜ್ಜೆ. ಪೇಟಿಯ ಎಳೆಯನ್ನು ಅಳಿಸಿಬಿಟ್ಟಿದ್ದರೆ ಅಳೆಯಲು ಗಜಕಡ್ಡಿಯೇ ಇರುತ್ತಿರಲಿಲ್ಲ.

ನ್ಯೂಟೋನಿನಲ್ಲಿ ಒಂದು ಗುಬುಟು ಇದೆ. ತಿರುವಿದರೆ ಇಂಥ ಸ್ವರಗಳೆಲ್ಲ ಹತ್ತಿರದ ಮನೆಗೆ ಸರಿದು ‘ಶುದ್ಧ’ವಾಗುತ್ತವೆ. ಗಿರಾಕಿಗಳ ಹಾಡುಗಳಿಗೆ ಅವನು ದಿನಾಲು ಅದನ್ನು ತಿರುವುತ್ತಾನೆ. ಆ ರಾತ್ರಿ ಕೈ ಹೋಗಲಿಲ್ಲ.

ಮರುದಿನವೇ ಕಲ್ಲೂರಿಗೆ ಹೋಗಿ ಅಜ್ಜನ ಕಿವಿಗೆ ಹೆಡ್‌ಫೋನ್ ಇಟ್ಟನು. ಮಾಸ್ತರರು ಮೊದಲ ನುಡಿ ಮುಗಿಯುವವರೆಗೆ ಕದಲಲಿಲ್ಲ. ಎರಡನೆಯ ನುಡಿಯಲ್ಲಿ ಗಾಂಧಾರ ಬಂದಾಗ ಬಲಗೈಯ ಬೆರಳು ತೊಡೆಯ ಮೇಲೆ ತಾನಾಗಿ ಒತ್ತಿತು. ಒತ್ತಿದ್ದು ಸಟ್ಟನೆ ಮೇಲಕ್ಕೆ ಎದ್ದಿತು.

“ಆಕಿ ಹಿಂಗ ಹಾಡ್ತಿದ್ಲೇನೋ?”

“ಹೂಂ, ಅಜ್ಜಾ. ಐದೂ ನುಡಿಯಾಗ.”

“ಪೇಟಿ ಸಂಗಾಟ ನನಗೆ ಕೇಳಿಸ್ಲೇ ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಒಂದೆರಡು ಸಲ ಅಂದಿದ್ಲು ಆಕಿ, ನಿಮ್ಮ ಪೇಟಿ ಇಲ್ಲೆ ಚುಚ್ಚತದ ಅಂತ. ಶ್ರುತಿ ತಪ್ಪಬ್ಯಾಡ ಅಂತ ನಾನೇ ಬೈದಿದ್ದೆ,” ಎಂದರು.

ಮೊಮ್ಮಗ ಆ ಮಾತಿಗೆ ಏನೂ ಹೇಳದೆ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತ ಕುಳಿತನು.

ಆ ಗಾಂಧಾರವನ್ನು ಚೌಕುಳಿಯೊಳಗೆ ತರುವ ಯತ್ನವನ್ನೂ ಅವನು ಬಿಡಲಿಲ್ಲ. 2023ರ ನವೆಂಬರಿನಲ್ಲಿ ಬರ್ಲಿನ್ನಿನ ಏಬಲ್ಟನ್ ಕಂಪನಿಯವರು ತಮ್ಮ ಲೈವ್ ತಂತ್ರಾಂಶದ ಬರಲಿರುವ 12ನೆಯ ಆವೃತ್ತಿಯನ್ನು ಸಾರಿದ್ದರು; 2024ರ ಮಾರ್ಚಿನಲ್ಲಿ ಅದು ಹೊರಬಂದಿತು. ಅದರಲ್ಲಿ ಹನ್ನೆರಡು ಸಮಭಾಗಗಳ ಕಟ್ಟನ್ನು ಬಿಟ್ಟು ಬೇರೆ ಶ್ರುತಿವ್ಯವಸ್ಥೆಗಳನ್ನು ಹಾಕಿಕೊಳ್ಳುವ ಸೌಲಭ್ಯವಿದೆ. ಮನೆಗಳನ್ನು ಬೇಕಾದಲ್ಲಿಗೆ ಸರಿಸಬಹುದು, ಬೇಕಾದಷ್ಟು ಮನೆಗಳನ್ನು ಕಟ್ಟಬಹುದು. ಗೆಳೆಯನೊಬ್ಬನ ಯಂತ್ರದಲ್ಲಿ ಕುಳಿತು ಗಾಂಧಾರಕ್ಕೆ ಐವತ್ತರಲ್ಲಿ ಒಂದು ಮನೆ, ಮೂವತ್ತರಲ್ಲಿ ಒಂದು ಮನೆ ಕಟ್ಟಿ ಕೇಳಿದನು. ಮೊದಲಿನದಕ್ಕಿಂತ ಎಷ್ಟೋ ಹತ್ತಿರ. ಪಡುವಣದವರ ಪಿಯಾನೋಕ್ಕೆ ಕಟ್ಟುಬಿದ್ದ ಯಂತ್ರ ನಲವತ್ತು ವರ್ಷಗಳ ಮೇಲೆ ಇಷ್ಟಾದರೂ ಕಿವಿ ಕೊಟ್ಟಿತಲ್ಲ ಎಂದು ಸಂತೋಷಪಡಬೇಕಾದದ್ದೇ. 2020ರಲ್ಲಿ ಬಂದ ಮಿಡಿಯ ಎರಡನೆಯ ರೂಪದಲ್ಲಿಯೂ ಒಂದೊಂದು ಸ್ವರವನ್ನು ಬೇರೆಯಾಗಿಯೇ ಬಾಗಿಸಲು ಎಡೆಯಿದೆ. ಆದರೆ ಆಕೆ ಐವತ್ತರಲ್ಲಿ ಬಂದು ನಿಲ್ಲುತ್ತಿರಲಿಲ್ಲ. ರಿಷಭದಿಂದ ಹೊರಟು, ಐವತ್ತನ್ನು ಮುಟ್ಟಿ, ಮುಟ್ಟಿದ್ದು ಗೊತ್ತಾಗುವ ಮುನ್ನ ಮಧ್ಯಮದ ಕಡೆಗೆ ತಿರುಗುತ್ತಿದ್ದರು. ಮನೆ ಕಟ್ಟಿಕೊಟ್ಟರೂ ಆ ಸ್ವರ ಅಲ್ಲಿ ವಾಸ ಮಾಡುವಂಥದಲ್ಲ.

ಗುಡಿಯ ಹೆಣ್ಣುಮಕ್ಕಳಿಗೆ ಕೊನೆಗೆ ಏನು ಕೊಡುವುದು? ಬರಿಯ ಕಂಠದ ಎಳೆಯನ್ನು ಕೊಡಬಹುದಿತ್ತು. ಹೊಸಬರಿಗೆ ಶ್ರುತಿಯ ಆಸರೆ ಇಲ್ಲದೆ ಕಲಿಯುವುದು ಕಷ್ಟ. ತಂಬೂರಿಯನ್ನು ಹಿಂದೆ ಇಡುವುದೆಂದು ಹುಡುಗ ಹೇಳಿದನು. ಮಾಸ್ತರರು ಒಪ್ಪಿದರು, ಒಪ್ಪಿ, ಒಳಗೆ ಹೋಗಿ ಪೇಟಿಯನ್ನು ಹೊರತಂದು ಅರಿವೆಯಿಂದ ಧೂಳು ಒರೆಸಿದರು.

“ಆಕೀ ದನಿ ಹಚ್ಚು,” ಎಂದರು.

ಮೊಮ್ಮಗ ಮೈಕನ್ನು ಸರಿಪಡಿಸಿ, ಎಣಿಕೆಯ ಟಿಕ್ ಸದ್ದನ್ನು ನಿಲ್ಲಿಸಿ, ಕಂಠದ ಎಳೆಯನ್ನು ಅಜ್ಜನ ಕಿವಿಗೆ ಬಿಟ್ಟನು. ಪಂಖಾ ಬಂದ್ ಮಾಡಿದ್ದರಿಂದ ಮಾರ್ಚಿ ತಿಂಗಳ ಸೆಕೆಯಲ್ಲಿ ಇಬ್ಬರಿಗೂ ಬೆವರು ಇಳಿಯುತ್ತಿತ್ತು. ಮಾಸ್ತರರು ಷಡ್ಜದ ಮೇಲೆ ಬೆರಳಿಟ್ಟು ಗಾಳಿ ಹಾಕಿದರು. ಅರ್ಧ ಮಾತ್ರೆಯ ಉಸಿರಿಗೆ ಪೇಟಿಯೂ ನಿಂತಿತು, ಮುಂದಿನ ಸಾಲಿಗೆ ಜೊತೆಯಲ್ಲಿಯೇ ಬೇಗ ಹೊರಟಿತು. ಗಾಂಧಾರ ಬಂದಲ್ಲೆಲ್ಲ ಬೆರಳು ಮನೆಯಿಂದ ಮೇಲೆದ್ದು, ಆಕೆ ದಾಟಿ ಹೋಗುವವರೆಗೆ ಗಾಳಿಯಲ್ಲಿ ಕಾದು, ಮಧ್ಯಮಕ್ಕೆ ಇಳಿಯಿತು. ಮೂರನೆಯ ನುಡಿಯಲ್ಲಿ ಒಮ್ಮೆ ರೂಢಿಯ ಬಲದಿಂದ ತಪ್ಪಿ ಒತ್ತಿದರು.

“ಅಳಿಸ್ಲಿ ಏನಜ್ಜಾ ಅದನ್ನ?” ಎಂದು ಕೊನೆಗೆ ಹುಡುಗ ಕೇಳಿದನು.

“ಬ್ಯಾಡ. ಮತ್ತ ಮೊದಲಿನಿಂದ ಬಾರಸ್ತೀನಿ,” ಎಂದು ಮಾಸ್ತರರು ಬೆರಳುಗಳನ್ನು ಒಂದರೊಡನೊಂದು ತಿಕ್ಕಿಕೊಂಡರು.